ಮರುಭೂಮಿಯ ಮಂದ್ರನಾದ: ಕೈಯಸ್ ತಂಡದ ‘ವೆಲ್‌ಕಮ್ ಟು ಸ್ಕೈ ವ್ಯಾಲಿ’

ರಾಕ್ ಸಂಗೀತದ ಶಾಖೆಗಳಲ್ಲಿ ‘ಸ್ಟೋನರ್ ರಾಕ್’ ಎಂಬುದು ಹೆಸರಿನಿಂದಲೇ ಅಪಖ್ಯಾತಿಗೆ ಒಳಗಾದ ಪ್ರಕಾರ. ‘ಸ್ಟೋನರ್’ ಎಂದರೆ ಆಡುಮಾತಿನಲ್ಲಿ ಗಾಂಜಾ ವ್ಯಸನಿ. ಆದ್ದರಿಂದ ನಮ್ಮ ಮನೆಗಳ ಹಿರಿಯರು ಇದನ್ನು ಕೇಳುವ ಮೊದಲೇ ಮುಖ ತಿರುಗಿಸುವುದು ಸಹಜ. ಆದರೆ ಹೆಸರನ್ನು ಬದಿಗಿಟ್ಟು ನಾದವನ್ನಷ್ಟೇ ಗಮನಿಸಿದರೆ, ಕಲಾವಿದರ ತಂಡವೊಂದು ಪಕ್ವಗೊಳ್ಳುವ ಬಗೆಗೆ ಇಲ್ಲಿ ಉತ್ತಮ ನಿದರ್ಶನ ದೊರೆಯುತ್ತದೆ. ಅಮೆರಿಕದ ‘ಕೈಯಸ್’ ತಂಡ 1994ರಲ್ಲಿ ಹೊರತಂದ ‘ವೆಲ್‌ಕಮ್ ಟು ಸ್ಕೈ ವ್ಯಾಲಿ’ ಅಂಥದೊಂದು ಆಲ್ಬಮ್.

ತಂಡದ ಹುಟ್ಟೂರು ಕ್ಯಾಲಿಫೋರ್ನಿಯಾದ ಮರುಭೂಮಿ ಪಟ್ಟಣವಾದ ಪಾಮ್ ಡೆಸರ್ಟ್. ಗಾಯಕ ಜಾನ್ ಗಾರ್ಸಿಯಾ, ಗಿಟಾರ್ ವಾದಕ ಜಾಶ್ ಹಾಮಿ, ಡ್ರಮ್ ವಾದಕ ಬ್ರ್ಯಾಂಟ್ ಬ್ಯೋರ್ಕ್ ಮುಂತಾದ ಈ ಹುಡುಗರು ಊರಾಚೆಯ ಬಯಲಿಗೆ ಜನರೇಟರ್ ಸಾಗಿಸಿ, ಅದರ ವಿದ್ಯುತ್ತಿನಲ್ಲೇ ರಾತ್ರಿ ಕಚೇರಿ ನಡೆಸುತ್ತಿದ್ದರು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ನಾದವನ್ನು ಹಿಡಿದಿಡುವ ಗೋಡೆಗಳೂ ಇಲ್ಲ. ‘ಡೆಸರ್ಟ್ ರಾಕ್’ ಎಂಬ ಹೆಸರು ಬಂದದ್ದು ಈ ಪರಿಸರದಿಂದಲೇ.

1991ರ ಮೊದಲ ಆಲ್ಬಮ್ ‘ರೆಚ್’ನಲ್ಲಿ ಹುರುಪಿತ್ತು, ಹದವಿರಲಿಲ್ಲ. ಆಗ ಹಾಮಿಗೆ ಕೇವಲ ಹದಿನೆಂಟು ವರ್ಷ. 1992ರ ‘ಬ್ಲೂಸ್ ಫಾರ್ ದ ರೆಡ್ ಸನ್’ಗೆ ಸ್ವತಃ ಸಂಗೀತಗಾರನಾದ ಕ್ರಿಸ್ ಗಾಸ್ ನಿರ್ಮಾಪಕನಾಗಿ ಬಂದ ಮೇಲೆ ತಂಡದ ನಿಜವಾದ ದನಿ ಧ್ವನಿಮುದ್ರಣದಲ್ಲೂ ಕೇಳಿಸತೊಡಗಿತು. ಹಾಮಿ ತನ್ನ ಗಿಟಾರಿನ ತಂತಿಗಳನ್ನು ವಾಡಿಕೆಗಿಂತ ಬಹಳ ಕೆಳಕ್ಕೆ ಇಳಿಸಿ, ಬಾಸ್ ವಾದ್ಯಕ್ಕೆಂದೇ ಇರುವ ಆಂಪ್ಲಿಫೈಯರಿನ ಮೂಲಕ ನುಡಿಸುತ್ತಿದ್ದ. ಹೀಗಾಗಿ ಗಿಟಾರಿನ ನಾದ ಕಿವಿಗೆ ಚುಚ್ಚುವ ಬದಲು ನೆಲದಿಂದ ಎದ್ದು ಬರುವಂತೆ ಭಾಸವಾಗುತ್ತದೆ.

ಎರಡನೆಯ ಆಲ್ಬಮ್ ಭಾರವನ್ನು ಸಾಧಿಸಿದರೆ, ‘ಸ್ಕೈ ವ್ಯಾಲಿ’ ಆ ಭಾರಕ್ಕೆ ಬಿಡುವು ಕೊಡುವುದನ್ನು ಕಲಿಸಿತು. ನಮ್ಮ ದೃಷ್ಟಿಯಲ್ಲಿ ಇದೇ ತಂಡದ ದೊಡ್ಡ ಬೆಳವಣಿಗೆ. ಬಾಸ್ ವಾದಕ ನಿಕ್ ಒಲಿವೇರಿಯ ಸ್ಥಾನಕ್ಕೆ ಬಂದ ಸ್ಕಾಟ್ ರೀಡರ್ ಕೇವಲ ಶ್ರುತಿ ಹಿಡಿದು ನಿಲ್ಲದೆ ಗಿಟಾರಿನೊಡನೆ ಸಂವಾದ ನಡೆಸುತ್ತಾನೆ. ‘ಏಸ್ಟರಾಯ್ಡ್’ ಮಾತಿಲ್ಲದ ಕೃತಿ. ಮೆಲ್ಲನೆ ಆರಂಭವಾಗಿ ಸಿಡಿಲಿನಂತೆ ಎರಗುತ್ತದೆ. ‘ಸ್ಪೇಸ್ ಕೆಡೆಟ್’ನಲ್ಲಿ ಅಬ್ಬರವನ್ನೆಲ್ಲ ಕೈಬಿಟ್ಟು ಅಕೂಸ್ಟಿಕ್ ಗಿಟಾರನ್ನೇ ನೆಚ್ಚಿದ್ದಾರೆ. ವಿಳಂಬ ಕಾಲದ ಮಂದ್ರಸಂಚಾರವನ್ನು ಬಲ್ಲ ನಮ್ಮ ರಸಿಕರಿಗೆ ಇಂಥ ನಿಧಾನದ ಬೆಲೆ ಹೇಳಿಕೊಡಬೇಕಾಗಿಲ್ಲ.

ಹತ್ತು ಹಾಡುಗಳನ್ನು ಸಿ.ಡಿ.ಯಲ್ಲಿ ಬಿಡಿಬಿಡಿಯಾಗಿ ಇಡದೆ ಮೂರು ದೀರ್ಘ ಖಂಡಗಳಾಗಿ ಜೋಡಿಸಿದ್ದು ಇನ್ನೊಂದು ದಿಟ್ಟ ನಿರ್ಧಾರ. ಮೆಚ್ಚಿದ ಹಾಡಿಗೆ ನೇರವಾಗಿ ಜಿಗಿಯುವಂತಿಲ್ಲ, ಕುಳಿತು ಕೇಳಬೇಕು. ಬಿಡಿ ಹಾಡುಗಳ ಜನಪ್ರಿಯತೆಯಿಂದ ನಡೆಯುವ ಉದ್ಯಮದಲ್ಲಿ ಇದು ಲಾಭದ ಲೆಕ್ಕಾಚಾರವಲ್ಲ, ಕೇಳುಗನ ತಾಳ್ಮೆಯಲ್ಲಿ ಇಟ್ಟ ವಿಶ್ವಾಸ.

ಆದರೆ ಕೃತಿ ಪಕ್ವವಾದಷ್ಟು ತಂಡ ಗಟ್ಟಿಯಾಗಲಿಲ್ಲ. ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೊದಲ್ಲಿ 1993ರಲ್ಲೇ ಧ್ವನಿಮುದ್ರಣ ಮುಗಿದಿದ್ದರೂ, ಡಾಲಿ ರೆಕಾರ್ಡ್ಸ್ ಮುಚ್ಚಿಹೋದದ್ದರಿಂದ ಬಿಡುಗಡೆ ತಡವಾಯಿತು. ಕೊನೆಗೆ ಎಲೆಕ್ಟ್ರಾ ಸಂಸ್ಥೆ ಅದನ್ನು ಹೊರತಂದಿತು. ಅಷ್ಟರಲ್ಲಿ, ಗೀತರಚನೆಯಲ್ಲೂ ಪ್ರಮುಖ ಪಾಲು ಹೊಂದಿದ್ದ ಬ್ಯೋರ್ಕ್ ತಂಡ ತೊರೆದಿದ್ದ. ಆಲ್ಫ್ರೆಡೊ ಹರ್ನಾಂಡೆಸ್ ಆ ಸ್ಥಾನ ತುಂಬಿದರೂ, 1995ರಲ್ಲಿ ಮತ್ತೊಂದು ಆಲ್ಬಮ್ ಹೊರತಂದು ಕೈಯಸ್ ವಿಸರ್ಜನೆಗೊಂಡಿತು. ಮುಂದೆ ಹಾಮಿ ‘ಕ್ವೀನ್ಸ್ ಆಫ್ ದ ಸ್ಟೋನ್ ಏಜ್’ ತಂಡ ಕಟ್ಟಿ ವಿಶ್ವಖ್ಯಾತಿ ಗಳಿಸಿದ.

ಕೈಯಸ್ ಜೀವಂತವಾಗಿದ್ದಾಗ ದೊಡ್ಡ ಮಾರಾಟ ಕಾಣಲಿಲ್ಲ. ಕೀರ್ತಿ ಬಂದದ್ದು ಬಹುಮಟ್ಟಿಗೆ ತಂಡ ಒಡೆದ ಮೇಲೆ. ಮನೆಯ ಮಕ್ಕಳು ಕಿವಿಗೆ ಹೆಡ್‌ಫೋನ್ ಏರಿಸಿ ಇಂಥ ಸಂಗೀತ ಕೇಳುತ್ತಿದ್ದರೆ, ‘ಇದೆಂಥ ಗದ್ದಲ’ ಎನ್ನುವ ಮುನ್ನ ಒಮ್ಮೆ ‘ಏಸ್ಟರಾಯ್ಡ್’ ಹಾಕಿಸಿಕೊಂಡು ಪೂರ್ತಿ ಆಲಿಸಬಹುದು. ಮೆಚ್ಚುವುದು ಬಿಡುವುದು ಅನಂತರದ ಮಾತು. ಗದ್ದಲಕ್ಕೂ ಗಾಂಭೀರ್ಯಕ್ಕೂ ಇರುವ ಅಂತರವಾದರೂ ಸ್ಪಷ್ಟವಾದೀತೆಂದು ನಾವು ನಂಬುತ್ತೇವೆ.