ಕಾರವಾರದ ಕಾಡಿನಲ್ಲಿ ಋತುಲಕ್ಷಣದ ದಾಖಲೆ

ಋತುವರ್ಣನೆಯು ಮಹಾಕಾವ್ಯದ ಅಂಗಗಳಲ್ಲೊಂದೆಂಬುದು ವಾಚಕರಿಗೆ ವಿದಿತವೇ ಆಗಿದೆ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಾಲವಿಭಾಗಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿರುವನು. ವಸಂತಕ್ಕೆ ಕೋಗಿಲೆ, ವರ್ಷಾಕಾಲಕ್ಕೆ ನವಿಲು, ಶರತ್ತಿಗೆ ಹಂಸ ಎಂಬುವು ಕವಿಗಳಲ್ಲಿ ನಿಯತವಾದುವು. ಆದರೆ ಇಂಥ ಕಾಡಿನಲ್ಲಿ, ಇಂಥ ತಿಂಗಳಲ್ಲಿ, ಇಂಥ ಗಿಡದ ಮೇಲೆ ಯಾವ ಜೀವಿಯು ಕಂಡಿತೆಂಬುದನ್ನು ಕಂಡವನೇ ಬರೆದಿಡುವ ಪದ್ಧತಿಯು ಇದಕ್ಕಿಂತ ಭಿನ್ನವಾದುದು. ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪದ್ಧತಿಯು ಬೇರೂರಿದ ಬಗೆಯನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಈ ಜಿಲ್ಲೆಯು ೧೮೬೨ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಮುಂಬಯಿಯಲ್ಲಿ ೧೮೮೩ರಲ್ಲಿ ಎಂಟು ಮಂದಿ ಕೂಡಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಆತ್ಮಾರಾಮ ಪಾಂಡುರಂಗ, ಸಖಾರಾಮ ಅರ್ಜುನ ಎಂಬ ವೈದ್ಯರಿಬ್ಬರು ಸ್ವದೇಶೀಯರು. ಅದೇ ಗುಂಪಿನಲ್ಲಿದ್ದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕೆನ್ ಎಂಬುವರು ಉಪ್ಪು ಮತ್ತು ಸುಂಕದ ಇಲಾಖೆಯ ಅಧಿಕಾರಿಗಳು. ಕೆಲಕಾಲ ಉತ್ತರ ಕನ್ನಡದಲ್ಲಿದ್ದರು. ತಮ್ಮ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ‘ಈಹಾ’ ಎಂಬ ಅಂಕಿತದಿಂದ ಗ್ರಂಥಗಳನ್ನು ಬರೆದರು. ಸಂಸ್ಕೃತದಲ್ಲಿ ಈಹಾ ಎಂದರೆ ಇಚ್ಛೆ, ಪ್ರಯತ್ನ. ಇದು ಕೇವಲ ಕಾಕತಾಳೀಯವಾದರೂ ನನಗೆ ಪ್ರಿಯವಾಯಿತು.

ಇವರ ಜೊತೆಗಾರರಿಬ್ಬರು: ಜಿಲ್ಲಾ ಕಲೆಕ್ಟರರಾಗಿದ್ದ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್. ಮೂವರಲ್ಲಿ ಒಬ್ಬರಿಗೂ ಕೀಟಶಾಸ್ತ್ರವು ಜೀವನೋಪಾಯವಾಗಿರಲಿಲ್ಲ. ಕಚೇರಿಯ ಕೆಲಸವು ಮುಗಿದ ಮೇಲಿನ ಬಿಡುವೇ ಇವರ ಅಧ್ಯಯನಕಾಲ. ಈ ಮೂವರು ಕೂಡಿ ಬರೆದ ಉತ್ತರ ಕನ್ನಡದ ಚಿಟ್ಟೆಗಳ ವಿವರವು ೧೮೯೬ರಿಂದ ಆ ಸೊಸೈಟಿಯ ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು.

ಈ ವಿವರದ ಮಹತ್ತ್ವವು ಹೆಸರುಗಳ ಪಟ್ಟಿಯಲ್ಲಿಲ್ಲ, ವಿಧಾನದಲ್ಲಿದೆ. ಹಾರುವ ಚಿಟ್ಟೆಯನ್ನು ಬಲೆಯಿಂದ ಹಿಡಿದು ಸೂಜಿಗೆ ಚುಚ್ಚಿದ ಮಾತ್ರಕ್ಕೆ ಅದರ ವೃತ್ತಾಂತವು ತಿಳಿಯದು. ಎಲೆಯ ಮೇಲಿನ ಹುಳುವನ್ನು ತಂದು, ಅದೇ ಗಿಡದ ಎಲೆಯನ್ನೇ ಉಣಿಸಿ, ಅದು ಕೋಶವನ್ನು ಕಟ್ಟಿ ರೆಕ್ಕೆಯೊಡನೆ ಹೊರಬರುವ ತನಕ ಕಾಯಬೇಕು. ಹೀಗೆ ಕಾಯದಿದ್ದರೆ ಎಂಥ ಭ್ರಾಂತಿಯಾಗುವುದೆಂಬುದಕ್ಕೆ ಒಂದು ನಿದರ್ಶನವು ಸಾಕು. ಸಂಜೆಯ ಹೊತ್ತು ದೀಪದ ಬಳಿಗೆ ಬರುವ ಕಂದುಬಣ್ಣದ ಚಿಟ್ಟೆಯೊಂದುಂಟು. ಇದರ ಹುಳುವು ಭತ್ತದ ಮತ್ತು ಹುಲ್ಲಿನ ಗರಿಯನ್ನು ತಿಂದು ಬೆಳೆಯುವುದು. ಮಳೆಗಾಲದಲ್ಲಿ ಹುಟ್ಟಿದುದರ ರೆಕ್ಕೆಯಡಿಯಲ್ಲಿ ಸಾಲಾಗಿ ಕಣ್ಣಿನಂಥ ಮಚ್ಚೆಗಳಿರುತ್ತವೆ. ಬೇಸಗೆಯದಕ್ಕೆ ಅವು ಮಾಸಿ, ರೆಕ್ಕೆಯ ತುದಿಯು ಚೂಪಾಗಿ, ಇಡೀ ಚಿಟ್ಟೆಯೇ ತರಗೆಲೆಯಂತೆ ತೋರುವುದು. ಮೊದಲನೆಯದಕ್ಕೆ ಲಿನ್ನೇಯಸನು ೧೭೫೮ರಲ್ಲಿ ಲೇಡಾ ಎಂದು ಹೆಸರಿಟ್ಟಿದ್ದನು. ಎರಡನೆಯದು ಇಸ್ಮೆನೆ ಎಂಬ ಬೇರೆ ಜಾತಿಯಾಗಿಯೇ ಗ್ರಂಥಗಳಲ್ಲಿ ನಿಂತಿತು. ಕಲಕತ್ತೆಯಲ್ಲಿ ಸರಕಾರಿ ಕಚೇರಿಯ ಗುಮಾಸ್ತರಾಗಿ ಬಂದಿದ್ದ ಡಿ ನೀಸ್‌ವಿಲ್ ಎಂಬುವರು ಇಂಥ ಹುಳುಗಳನ್ನು ಸಾಕಿ ನೋಡಿ, ಈ ಭೇದವು ಜಾತಿಯದಲ್ಲ, ಋತುವಿನದು ಎಂಬುದರ ವಿಚಾರವನ್ನು ೧೮೮೬ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಮಂಡಿಸಿದರು. ಹುಳುವಾಗಿದ್ದಾಗಿನ ಹವೆಯೇ ರೆಕ್ಕೆಯ ರೂಪವನ್ನು ನಿರ್ಣಯಿಸುವುದೆಂಬುದು ಈಗ ಸಿದ್ಧವಾದ ವಿಷಯ. ಹಸುರಿನ ನಡುವೆ ಓಡಾಡುವ ಮಳೆಗಾಲದ ಚಿಟ್ಟೆಗೆ ಆ ಕಣ್ಣುಮಚ್ಚೆಯು ಹಲ್ಲಿಹಕ್ಕಿಗಳ ಹೊಡೆತವನ್ನು ರೆಕ್ಕೆಯ ಅಂಚಿಗೆ ತಿರುಗಿಸುವ ಉಪಾಯ. ಒಣಗೆಲೆಯಲ್ಲಿ ಅಡಗುವ ಬೇಸಗೆಯ ಚಿಟ್ಟೆಗೆ ಅದಿಲ್ಲದಿರುವುದೇ ಕ್ಷೇಮ.

‘ನಮ್ಮ ಪೂರ್ವಿಕರಿಗೆ ಇದೆಲ್ಲ ತಿಳಿದಿರಲಿಲ್ಲವೆ?’ ಎಂದು ಕೆಲವು ವಿದ್ವಾಂಸರು ಕೇಳುವುದುಂಟು. ಈ ಪಕ್ಷವನ್ನು ನಾನು ಒಪ್ಪಲಾರೆನು. ಅಮರಸಿಂಹನು ಪತಂಗ, ಶಲಭ ಎಂಬ ಎರಡು ಶಬ್ದಗಳನ್ನು ಪರ್ಯಾಯಗಳಾಗಿ ಹೇಳಿ ಮುಂದೆ ಸಾಗುವನು. ಅರ್ಕದ ಹಾಲಿನ ಗುಣವನ್ನೂ ಈಶ್ವರಿಯ ಬೇರಿನ ಗುಣವನ್ನೂ ವೈದ್ಯರು ಬಲ್ಲರು. ಆದರೆ ಎಕ್ಕದ ಎಲೆಯನ್ನು ತಿಂದು ಬೆಳೆದ ಹುಳುವು ಕಿತ್ತಳೆಬಣ್ಣದ ಒಂದು ಚಿಟ್ಟೆಯಾಗುವುದೆಂದಾಗಲಿ, ಈಶ್ವರಿಬಳ್ಳಿಯಿಂದ ಸಹ್ಯಾದ್ರಿಯ ಅತಿದೊಡ್ಡ ಚಿಟ್ಟೆಯು ಹೊರಡುವುದೆಂದಾಗಲಿ ನಾನು ಓದಿದ ನಿಘಂಟುಗಳಲ್ಲಿ ಕಾಣಲಿಲ್ಲ. ಪೂರ್ವಿಕರ ಗೌರವಕ್ಕೆ ಇದರಿಂದ ಕುಂದೇನೂ ಇಲ್ಲ. ಅವರ ಪ್ರಯೋಜನವು ಬೇರೆಯಾಗಿತ್ತು. ಇಷ್ಟು ಹೇಳುವ ನಾನಾದರೂ ಮೂವತ್ತು ವರ್ಷ ಋತುವರ್ಣನೆಯ ಪಾಠವನ್ನು ಹೇಳಿದವನು. ಪಾಠಶಾಲೆಯ ಜಗುಲಿಯ ದೀಪಕ್ಕೆ ಬರುತ್ತಿದ್ದ ಆ ಕಂದುಚಿಟ್ಟೆಯನ್ನು ಒಮ್ಮೆಯೂ ತಿರುಗಿ ನೋಡಿದವನಲ್ಲ.

ಐಟ್ಕೆನ್ನರು ೧೯೦೯ರಲ್ಲಿ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು; ಡೇವಿಡ್‌ಸನ್ನರೂ ನಿವೃತ್ತರಾಗಿ ಅಲ್ಲಿಗೇ ತೆರಳಿದ್ದರು. ಬೆಲ್ಲರು ಮಾತ್ರ ೧೯೨೦ರಲ್ಲಿ ನಿವೃತ್ತರಾದ ಮೇಲೂ ಕಾರವಾರವನ್ನು ಬಿಡಲಿಲ್ಲ. ೧೯೩೭ರಲ್ಲಿ ಸ್ಕಾಟರೊಡನೆ ಒಂದು ಪತಂಗಕುಲದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿ, ೧೯೪೮ರಲ್ಲಿ ಕಾರವಾರದಲ್ಲಿಯೇ ದೇಹಬಿಟ್ಟರು. ಮಳೆಯ ಕಾಲವು ಹಿಂದುಮುಂದಾಗುತ್ತಿದೆಯೆಂಬ ಮಾತು ಈಗ ಎಲ್ಲರ ಬಾಯಲ್ಲಿಯೂ ಇದೆ. ಆ ಜಿಲ್ಲೆಯ ಕಾಡಿನ ಜೀವಿಗಳ ಮಟ್ಟಿಗೆ ಅದನ್ನು ಪರೀಕ್ಷಿಸಹೊರಟವನು ಕಾವ್ಯವನ್ನು ಪ್ರಮಾಣವಾಗಿ ತರಲಾರನು; ಆ ಹಳೆಯ ಸಂಪುಟಗಳನ್ನೇ ತೆರೆಯಬೇಕು. ಕಳೆದ ಕಾರ್ತಿಕದಲ್ಲಿ ನಮ್ಮ ಜಗುಲಿಯ ಗೋಡೆಯ ಮೇಲೆ ಮಚ್ಚೆಯುಳ್ಳದೊಂದು, ಇಲ್ಲದುದೊಂದು, ಎರಡೂ ಒಂದೇ ಸಂಜೆ ಕುಳಿತಿದ್ದುವು. ತಿಥಿಯನ್ನೂ ತಾರೀಖನ್ನೂ ಬರೆದಿಟ್ಟಿದ್ದೇನೆ.