ಕಡಲಾಚೆಯ ಮತದಾರ: ಮುಗಿಯದ ಒಂದು ಚರಿತ್ರೆ



2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆ ಘೋಷಣೆಯಾದಾಗ ನನ್ನ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ನಮ್ಮ ಅಬ್ಬ ದುಬೈಯಲ್ಲಿದ್ದಾರೆ. ಅವರು ಅಂಚೆಯಲ್ಲಿ ಓಟು ಕಳಿಸಬಹುದಾ?" ಇಲ್ಲ ಎಂದೆ. ಏಕಿಲ್ಲ ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ನಮ್ಮ ದೇಶಕ್ಕೆ ಅಂಚೆ ಮತದಾನ ಹೊಸದೇನಲ್ಲ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯಲ್ಲಿಯೇ ಅದಕ್ಕೆ ಅವಕಾಶವಿದೆ. ಸೈನಿಕರು ಹಾಗೂ ವಿದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳ ಸರಕಾರಿ ನೌಕರರು ಅಂಚೆಯ ಮೂಲಕ ಮತ ಚಲಾಯಿಸುತ್ತಾರೆ. ಆದರೆ ಹೊಟ್ಟೆಪಾಡಿಗಾಗಿ ಕಡಲು ದಾಟಿದವರ ಕಥೆ ಬೇರೆ. 1950ರ ಕಾಯ್ದೆಯ ಪ್ರಕಾರ ಮತದಾರನು ಕ್ಷೇತ್ರದ 'ಸಾಮಾನ್ಯ ನಿವಾಸಿ'ಯಾಗಿರಬೇಕು. ಊರಿನಲ್ಲಿ ಸ್ವಂತ ಮನೆಯಿದ್ದ ಮಾತ್ರಕ್ಕೆ ಸಾಲದು. ಹೀಗಾಗಿ ಮಂಗಳೂರು, ಭಟ್ಕಳಗಳಿಂದ ಗಲ್ಫ್‌ಗೆ ಹೋದವರು ಹಣ ಕಳಿಸಿ ಮನೆ ಕಟ್ಟಿಸಿದರೂ ಮತದಾರರಾಗುವಂತಿರಲಿಲ್ಲ.

2010ರ ತಿದ್ದುಪಡಿ ಈ ಬಾಗಿಲನ್ನು ಅರ್ಧ ತೆರೆಯಿತು. 2011ರಿಂದ ಅನಿವಾಸಿ ಭಾರತೀಯರು ನಮೂನೆ 6ಎ ಸಲ್ಲಿಸಿ, ಪಾಸ್‌ಪೋರ್ಟ್‌ನಲ್ಲಿರುವ ಊರಿನ ಪಟ್ಟಿಗೆ ಸೇರಬಹುದಾಯಿತು. ಆದರೆ ಮತ ಹಾಕಲು ಪಾಸ್‌ಪೋರ್ಟ್ ಹಿಡಿದು ಸ್ವತಃ ಮತಗಟ್ಟೆಗೆ ಬರಬೇಕು. ಕೂಲಿಯವನಿಗೆ ರಜೆ ಕೊಡುವವರಾರು? ಟಿಕೆಟ್ಟಿನ ಹಣ ಎಲ್ಲಿಂದ ಬರಬೇಕು? ಪರಿಣಾಮ ನೋಡಿ: 2024ರಲ್ಲಿ ನೋಂದಾಯಿಸಿದ್ದ ಅನಿವಾಸಿ ಮತದಾರರು 1,19,374, ಮತ ಹಾಕಿದವರು ಕೇವಲ 2,958.

ಹಾಗಾದರೆ ಅಂಚೆಯಲ್ಲಿ ಏಕೆ ಕಳಿಸಬಾರದು? ಮೊದಲ ತೊಡಕು ಸಮಯದ್ದು. ನಾಮಪತ್ರ ಹಿಂಪಡೆಯುವ ದಿನ ಮುಗಿದ ಮೇಲಷ್ಟೇ ಅಭ್ಯರ್ಥಿಗಳ ಅಂತಿಮ ಪಟ್ಟಿ ಸಿದ್ಧವಾಗುತ್ತದೆ. ಅಲ್ಲಿಂದ ಮತದಾನಕ್ಕೆ ಸುಮಾರು ಎರಡೇ ವಾರ. ಮತಪತ್ರ ಹೋಗಿ, ಎಣಿಕೆ ಆರಂಭವಾಗುವ ಮುನ್ನ ಮರಳಿ ಬರಬೇಕು. ತಡವಾದರೆ ಅದು ಲೆಕ್ಕಕ್ಕಿಲ್ಲ. ಸೈನಿಕರಿಗಾಗಿ 2016ರಲ್ಲಿ ಮತಪತ್ರವನ್ನು ವಿದ್ಯುನ್ಮಾನ ವಿಧಾನದಲ್ಲಿ ಕಳಿಸುವ ನಿಯಮ ಬಂದು ಅರ್ಧ ದಾರಿ ಉಳಿಯಿತು. ಎರಡನೆಯ ತೊಡಕು ಗೌಪ್ಯತೆಯದು. ಒಂದೇ ಕೋಣೆಯಲ್ಲಿ ಹತ್ತು ಜನ ಮಲಗುವ ಕಾರ್ಮಿಕನು ಯಾರ ಕಣ್ಣಿಗೂ ಬೀಳದಂತೆ, ಯಾರ ಒತ್ತಡಕ್ಕೂ ಸಿಗದಂತೆ ಗುರುತು ಹಾಕುವುದು ಹೇಗೆ?

ಬದಲಿ ವ್ಯಕ್ತಿಯ ಮೂಲಕ ಮತ ಹಾಕಿಸುವ ಮಸೂದೆಯನ್ನು ಲೋಕಸಭೆ 2018ರಲ್ಲಿ ಅಂಗೀಕರಿಸಿತಾದರೂ ರಾಜ್ಯಸಭೆಯ ಒಪ್ಪಿಗೆ ಸಿಗದೆ 2019ರಲ್ಲಿ ಅದು ಬಿದ್ದುಹೋಯಿತು. ಸೈನಿಕರಿಗಿರುವ ಸೌಲಭ್ಯವನ್ನು ಅನಿವಾಸಿಗಳಿಗೂ ವಿಸ್ತರಿಸಬಹುದೆಂದು 2020ರಲ್ಲಿ ಚುನಾವಣಾ ಆಯೋಗವೇ ಸರಕಾರಕ್ಕೆ ತಿಳಿಸಿತು. 2024ರ ಚುನಾವಣೆಗೂ ಅದು ಜಾರಿಗೆ ಬರಲಿಲ್ಲ.

ವಿದ್ಯಾರ್ಥಿಗಳೇ, ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಡಿ. ನಿಮ್ಮ ಮನೆಯವರು ಹೊರದೇಶದಲ್ಲಿದ್ದರೆ ನಮೂನೆ 6ಎ ತುಂಬಲು ನೆರವಾಗಿ. ಪಟ್ಟಿಯಲ್ಲಿ ಹೆಸರಿದ್ದವನಷ್ಟೇ ನಾಳೆ ಅಂಚೆ ಮತದ ಹಕ್ಕನ್ನು ಗಟ್ಟಿಯಾಗಿ ಕೇಳಬಲ್ಲ. ಹೆಸರೇ ಇಲ್ಲದವನ ದನಿ ಯಾರಿಗೆ ಕೇಳೀತು?