ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ದಾಂಪತ್ಯ

ಆಸ್ತಿಯೂ ಬಳಿಯೂ (ಕುಲದ ಗುರುತು) ತಾಯಿಯ ಕಡೆಯಿಂದ ಇಳಿದುಬರುವ, ಯಜಮಾನಿಕೆಯು ಸೋದರಮಾವನಿಂದ ಅಳಿಯನಿಗೆ ಸಲ್ಲುವ ಕಟ್ಟಳೆಗೆ ಅಳಿಯಸಂತಾನವೆಂದು ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳ ಬಂಟರು, ಬಿಲ್ಲವರು ಮತ್ತು ಜೈನ ಅರಸುಮನೆತನಗಳು ಇದನ್ನು ಅನುಸರಿಸುತ್ತ ಬಂದವು. ಐತಿಹ್ಯವು ಇದರ ಮೂಲವನ್ನು ಭೂತಾಳಪಾಂಡ್ಯನೆಂಬ ಅರಸನಿಗೆ ಒಯ್ಯುತ್ತದೆಯಾದರೂ ಆ ಹೆಸರಿನ ಕಟ್ಟಳೆಗ್ರಂಥದ ಪ್ರಾಚೀನತೆಯನ್ನು ವಿದ್ವಾಂಸರು ಒಪ್ಪಿಲ್ಲ. ಈ ಕಟ್ಟಿನ ಆಸ್ತಿವ್ಯಾಜ್ಯಗಳು ವಿಪುಲವಾಗಿ ದಾಖಲಾಗಿದ್ದರೆ, ಗಂಡಹೆಂಡಿರ ಒಲವಿನ ಬಗೆಗಿನ ದಾಖಲೆ ವಿರಳ.

ಆ ವಿರಳ ದಾಖಲೆಗಳಲ್ಲಿ ಮುಖ್ಯವಾದುದು 1623ರಲ್ಲಿ ತುಳುನಾಡಿನ ಕರಾವಳಿಗೆ ಬಂದಿದ್ದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯ ಬರಹ. ಮುಂದೆ ಮೂಡುಬಿದಿರೆಯಲ್ಲಿ ನೆಲೆಗೊಂಡ ಚೌಟರ ಕುಲಕ್ಕೆ ಸೇರಿದ ಉಳ್ಳಾಲದ ರಾಣಿ ಅಬ್ಬಕ್ಕದೇವಿಯೂ, ಬೆಳ್ತಂಗಡಿಯ ಬಂಗಾಡಿ ಮತ್ತು ಬಂಟ್ವಾಳದ ನಂದಾವರದಲ್ಲಿ ನೆಲೆಗಳಿದ್ದ ಬಂಗರಸರ ಕುಲದ ಅವಳ ಗಂಡನೂ ತಂತಮ್ಮ ನಾಡಿನಲ್ಲೇ ಇದ್ದು ಗಡಿಯಲ್ಲಿ ಡೇರೆ ಹಾಕಿಸಿ ಕೂಡುತ್ತಿದ್ದರೆಂದೂ, ಮನಸ್ಸು ಮುರಿದಾಗ ರಾಣಿ ಅವನು ಕೊಟ್ಟಿದ್ದ ಒಡವೆಗಳನ್ನು ಹಿಂದಿರುಗಿಸಿ ಸಂಬಂಧ ಕಡಿದುಕೊಂಡಳೆಂದೂ ದೆಲ್ಲಾ ವಾಲೆ ಬರೆದಿದ್ದಾನೆ. ಪೋರ್ಚುಗೀಸರನ್ನು 16ನೆಯ ಶತಮಾನದಲ್ಲಿ ಎದುರಿಸಿದ ಅಬ್ಬಕ್ಕ ಇವಳೇ, ಇಲ್ಲವೆ ಒಂದೇ ಹೆಸರಿನ ಇಬ್ಬರು ರಾಣಿಯರಿದ್ದರೇ ಎಂಬ ಚರ್ಚೆ ಮುಗಿದಿಲ್ಲ. ಅರಸುಮನೆತನದ ಈ ವಾಡಿಕೆಯನ್ನು ಎಲ್ಲರಿಗೂ ಅನ್ವಯಿಸುವುದು ತಪ್ಪಾಗುತ್ತದೆ. ಬಂಟ ಹೆಣ್ಣು ಸಾಮಾನ್ಯವಾಗಿ ಗಂಡನ ಮನೆಯಲ್ಲಿ ಬಾಳುತ್ತಿದ್ದಳು, ವಿಧವೆಯಾದಾಗ ಅಥವಾ ಬೇರ್ಪಟ್ಟಾಗ ಹಕ್ಕಿನಿಂದ ತಾಯಿಮನೆಗೆ ಮರಳುತ್ತಿದ್ದಳು.

ಬ್ರಿಟಿಷ್ ಕಾಲದಲ್ಲಿ ಈ ಸಂಬಂಧವು ಮದುವೆಯೇ ಎಂಬ ಗೊಂದಲ ಹೆಚ್ಚಿತು. ಅಳಿಯಸಂತಾನದ ಗಂಡುಹೆಣ್ಣಿನ ಕೂಡಾವಳಿಯನ್ನು 19ನೆಯ ಶತಮಾನದ ಉತ್ತರಾರ್ಧದ ಮದ್ರಾಸ್ ಹೈಕೋರ್ಟು ಕಾನೂನಿನ ಅರ್ಥದ ಮದುವೆಯೆಂದು ಪರಿಗಣಿಸಲು ಹಿಂಜರಿಯಿತು. ಆದರೆ 1909ರಲ್ಲಿ ಪ್ರಕಟವಾದ ಥರ್ಸ್ಟನ್ನನ ದಕ್ಷಿಣ ಭಾರತದ ಜನಾಂಗಕೋಶವು, ವಧೂವರರ ಜೋಡಿಸಿದ ಕೈಗಳ ಮೇಲೆ ಹಿರಿಯರು ನೀರೆರೆಯುವ ಧಾರೆಯನ್ನು ವಿವರಿಸಿ, ಕನ್ಯೆಗೆ ಕೈಧಾರೆ, ವಿಧವೆಗೆ ಬುಡುಧಾರೆ ಎಂಬ ಎರಡು ವಿಧಿಗಳನ್ನು ಗುರುತಿಸಿತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಪಾಲುಪಟ್ಟಿಗೆ ದಾರಿ ತೆರೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಹಳೆಯ ಕಟ್ಟು ಸಡಿಲವಾಯಿತು.

ಈ ದಾಂಪತ್ಯವನ್ನು ಇಂದಿನ ಮನೋವಿಜ್ಞಾನದ ಮಾದರಿಗಳಿಂದ ಅಳೆಯುವಾಗ ಎಚ್ಚರ ಬೇಕು. ಶಿಶು ಮತ್ತು ಪೋಷಕರ ಬೆಸುಗೆಯನ್ನು ಕುರಿತ ಜಾನ್ ಬೌಲ್ಬಿಯ ಸಿದ್ಧಾಂತವನ್ನು ಮನೋವಿಜ್ಞಾನಿಗಳಾದ ಹೇಜನ್ ಮತ್ತು ಶೇವರ್ 1987ರಲ್ಲಿ ಪ್ರಣಯಕ್ಕೆ ವಿಸ್ತರಿಸಿ, ನೆಚ್ಚಿಕೆಯ, ಆತಂಕದ ಮತ್ತು ದೂರ ಸರಿಯುವ ಶೈಲಿಗಳನ್ನು ವಿಂಗಡಿಸಿದರು. ಅದಕ್ಕೆ ಒಂದು ವರ್ಷ ಮೊದಲು ಮನೋವಿಜ್ಞಾನಿ ಸ್ಟರ್ನ್‌ಬರ್ಗ್ ಪ್ರೀತಿಯನ್ನು ಆಪ್ತತೆ, ಉತ್ಕಟತೆ, ಬದ್ಧತೆ ಎಂಬ ಮೂರು ಅಂಗಗಳಾಗಿ ನಿರೂಪಿಸಿದ್ದನು. ಈ ಮಾದರಿಗಳು ಭದ್ರತೆಯನ್ನು ಮುಖ್ಯವಾಗಿ ಜೋಡಿಯೊಳಗೇ ಅಳೆಯುತ್ತವೆ. ಅಳಿಯಸಂತಾನದಲ್ಲಿ ಆ ಭದ್ರತೆಯ ದೊಡ್ಡ ಪಾಲು ತಾಯಿಮನೆ ಮತ್ತು ಸೋದರಮಾವನಲ್ಲಿತ್ತು. ಹೆಣ್ಣು ದಾಂಪತ್ಯದಲ್ಲಿ ಉಳಿದದ್ದು ಗತಿಯಿಲ್ಲದೆಯೇ ಆಗಬೇಕಿರಲಿಲ್ಲ. ಆದ್ದರಿಂದ ಇಲ್ಲಿನ ದಾಂಪತ್ಯತೃಪ್ತಿಯ ಯಾವುದೇ ಅಧ್ಯಯನವು ದಂಪತಿಯ ಜೊತೆಗೆ ತಾಯಿಮನೆಯ ಆಸರೆಯನ್ನೂ ಗಣನೆಗೆ ತೆಗೆದುಕೊಳ್ಳುವುದು ಅಗತ್ಯ.